ಸೈಕಾಲಜಿ ಕಲಿತ ಮೂರು ರೀತಿ: ಬೇಸಿಗೆಯ ಆರು ವಾರ, ಸಂಜೆಯ ಕ್ಲಾಸ್, ಅಡುಗೆಮನೆಯ ಆನ್‌ಲೈನ್

ಗಂಡನ ಕೆಲಸದ ವೀಸಾ ಜೊತೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದ ಮೂರನೇ ವರ್ಷಕ್ಕೆ ನನಗೆ ಮತ್ತೆ ಓದುವ ಹುಚ್ಚು ಹಿಡಿಯಿತು. ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಮಾಡಿದವಳು, ಸೀದಾ ಹೋಗಿ ಕಮ್ಯುನಿಟಿ ಕಾಲೇಜಿನಲ್ಲಿ ಸೈಕಾಲಜಿಗೆ ಸೇರಿಕೊಂಡೆ. ಎಚ್-4ನಲ್ಲಿ ಓದೋಕೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾ ಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇದ್ದು, ಇಲ್ಲೇ ನೆಲೆಸಿದ್ದೇವೆ ಅಂತ ದಾಖಲೆ ತೋರಿಸಿದರೆ, ಕೋರ್ಸಿನ ಗಾತ್ರ ಅಳೆಯುವ ಒಂದು ಯೂನಿಟ್‌ಗೆ 46 ಡಾಲರ್. ಜನರಲ್ ಸೈಕಾಲಜಿ 3 ಯೂನಿಟ್, ಅಂದರೆ 138 ಡಾಲರ್, ಮೇಲೆ ಒಂದಿಷ್ಟು ಚಿಲ್ಲರೆ ಫೀಸು. ಪುಸ್ತಕ, ಆನ್‌ಲೈನಲ್ಲಿ ಪಠ್ಯಪುಸ್ತಕ ಪುಕ್ಕಟೆ ಕೊಡುವ ಓಪನ್‌ಸ್ಟ್ಯಾಕ್ಸ್‌ನದು, ಪುಕ್ಕಟೆ. ಬಂದ ವರ್ಷವೇ ಸೇರಿದ್ದರೆ ಹೊರರಾಜ್ಯದವರ ಲೆಕ್ಕದಲ್ಲಿ ಇದರ ಹಲವು ಪಟ್ಟು ಕೊಡಬೇಕಿತ್ತು.

ದುಡ್ಡಿನ ವಿಷಯ ಅಷ್ಟೇ. ಕಷ್ಟ ಇದ್ದದ್ದು ಯಾವ ರೀತಿಯ ಕ್ಲಾಸ್ ತಗೊಳ್ಳಬೇಕು ಅನ್ನೋದರಲ್ಲಿ. ನಾನು ಮೂರೂ ನೋಡಿಬಿಟ್ಟೆ. ಅದರಲ್ಲಿ ಒಂದೇ ಕೋರ್ಸನ್ನು ಎರಡು ಸಲ, ಅದೂ ನನ್ನದೇ ತಪ್ಪಿನಿಂದ.

ಮೊದಲು ಆರಿಸಿಕೊಂಡದ್ದು ಬೇಸಿಗೆಯ ಆರು ವಾರದ ಕ್ಲಾಸ್. ಬೇಗ ಮುಗಿಯುತ್ತಲ್ವಾ ಅಂತ! ಪುಸ್ತಕದಲ್ಲಿ 16 ಅಧ್ಯಾಯ. ಮಾಮೂಲಿ ಸೆಮಿಸ್ಟರ್‌ನಲ್ಲಿ ವಾರಕ್ಕೊಂದರ ಲೆಕ್ಕ, ಇಲ್ಲಿ ವಾರಕ್ಕೆ ಸುಮಾರು ಮೂರು. ಮೊದಲ ವಾರ ಮಜವಾಗೇ ಇತ್ತು. ನರಕೋಶದ ಒಳಗೆ ಮೈನಸ್ 70 ಮಿಲಿವೋಲ್ಟ್ ಅಂತ ಓದಿದಾಗ, ಎಲೆಕ್ಟ್ರಾನಿಕ್ಸ್ ಓದಿದ ನನಗೆ ಹಳೇ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಮೂರನೇ ವಾರಕ್ಕೆ ಎಂಟನೇ ಅಧ್ಯಾಯ ಬಂತು, ನೆನಪು ಮತ್ತು ಮರೆವಿನದ್ದು. ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆತುಹೋಗುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಒಂದೇ ಸಲ ಗುಡ್ಡೆ ಹಾಕಿಕೊಂಡು ಓದಿದ್ದು ನಿಲ್ಲಲ್ಲ, ಬಿಟ್ಟು ಬಿಟ್ಟು ಓದಿದ್ದು ನಿಲ್ಲುತ್ತದೆ ಅಂತ ಅದೇ ಅಧ್ಯಾಯ ಹೇಳುತ್ತೆ. ಆ ಹೊತ್ತಿಗೆ ನನಗೆ ಮೂರನೇ ಅಧ್ಯಾಯ ಪೂರ್ತಿ ಮರೆತುಹೋಗಿತ್ತು. ಮಕ್ಕಳಿಗೂ ಸ್ಕೂಲ್ ರಜೆ. ಕ್ವಿಜ್ ಮೇಲೆ ಕ್ವಿಜ್. ಬಿಟ್ಟೆ. ದುಡ್ಡು ವಾಪಸ್ ಕೇಳುವ ಗಡುವು ಮೊದಲ ವಾರದಲ್ಲೇ ದಾಟಿತ್ತು, ಮಾರ್ಕ್ಸ್ ಕಾರ್ಡಿನಲ್ಲಿ ‘ಡಬ್ಲ್ಯೂ’ (ವಿತ್‌ಡ್ರಾ, ಮಧ್ಯೆ ಬಿಟ್ಟವಳು) ಅಂತ ಒಂದು ಅಕ್ಷರ ಕೂತಿತು.

ಅದೇ ಕೋರ್ಸನ್ನು ಆಗಸ್ಟ್‌ನಲ್ಲಿ ಮತ್ತೆ ತಗೊಂಡೆ, ಸಂಜೆ ಕ್ಲಾಸ್‌ರೂಮಿನಲ್ಲಿ. ಅದೇ ಪುಸ್ತಕ, ಅದೇ 138 ಡಾಲರ್. ಆದರೆ ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸಿತು. ಪಕ್ಕದಲ್ಲಿ ನರ್ಸಿಂಗ್‌ಗೆ ಸೇರಬೇಕಂತಿದ್ದ ಒಬ್ಬ ಟ್ರಕ್ ಡ್ರೈವರ್, ಹಿಂದೆ ಹೈಸ್ಕೂಲಿನ ಮಕ್ಕಳು, ಮಧ್ಯೆ ನಾನು.

ಒಂದು ಸಂಜೆ ಸ್ಟ್ರೂಪ್ ಪ್ರಯೋಗ. 1935ರದು. ‘ರೆಡ್’ ಅನ್ನೋ ಪದವನ್ನು ನೀಲಿ ಬಣ್ಣದಲ್ಲಿ ಬರೆದಿರುತ್ತಾರೆ, ನಾವು ಪದ ಓದದೆ ಬಣ್ಣ ಹೇಳಬೇಕು. ಎಲ್ಲರೂ ತಡವರಿಸುತ್ತಾರೆ. ಪ್ರೊಫೆಸರ್ ನನ್ನ ಕಡೆ ತಿರುಗಿ, ನಿಮ್ಮ ಲಿಪಿಯಲ್ಲಿ ಬರೀರಿ ನೋಡೋಣ ಅಂದರು. ಬೋರ್ಡಿಗೆ ಹೋಗಿ ‘ಕೆಂಪು’ ಅಂತ ಹಸಿರು ಮಾರ್ಕರಿನಲ್ಲಿ, ‘ಹಸಿರು’ ಅಂತ ನೀಲಿಯಲ್ಲಿ, ‘ನೀಲಿ’ ಅಂತ ಕೆಂಪಿನಲ್ಲಿ ಬರೆದೆ. ಇಡೀ ಕ್ಲಾಸ್ ಪಟಪಟ ಬಣ್ಣ ಹೇಳಿತು. ಅವರಿಗೆ ಅದು ಬರೀ ಸುರುಳಿ ಗೀಟು. ಬರೆದ ನಾನೇ ಎರಡನೆಯದಕ್ಕೆ ಎಡವಿ ‘ಹಸಿ... ಅಲ್ಲ, ನೀಲಿ’ ಅಂದೆ! ಓದು ಬಂದವರಿಗೆ ಓದದೇ ಇರೋದು ಕೈಲಾಗಲ್ಲ. ಈ ಸಾಲನ್ನು ಬೇಸಿಗೆಯಲ್ಲೂ ಓದಿ ಗೆರೆ ಎಳೆದಿದ್ದೆ, ನೆನಪೇ ಇರಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ಸಂಜೆ ಆರೂವರೆಗೆ ಕ್ಲಾಸ್, ಆಗಲೇ 101 ಹೆದ್ದಾರಿಯಲ್ಲಿ ಟ್ರಾಫಿಕ್. ಮನೆಯವರು ಆಫೀಸಿಂದ ಬೇಗ ಬಂದು ಮಕ್ಕಳಿಗೆ ಊಟ ಹಾಕಬೇಕು. ಒಂದು ಸೆಮಿಸ್ಟರ್ ಪೂರ್ತಿ ಅನ್ನ-ಸಾರಿನಲ್ಲೇ ಕಳೆದೆವು.

ಅದಕ್ಕೇ ಜನವರಿಯಲ್ಲಿ ಡೆವಲಪ್‌ಮೆಂಟಲ್ ಸೈಕಾಲಜಿಯನ್ನು ಪೂರ್ತಿ ಆನ್‌ಲೈನ್ ತಗೊಂಡೆ. ಕೋರ್ಸ್ ಬೇರೆ, ಹಾಗಾಗಿ ಈ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ. ಯಾವ ಹೊತ್ತಿಗಾದರೂ ಪಾಠ ನೋಡಬಹುದು, ಕುಕ್ಕರ್ ಕೂಗುವಾಗಲೂ. ಡಿಸ್ಕಷನ್ ಅನ್ನೋದು ಮಾತ್ರ ನಾಟಕ. ಗುರುವಾರದೊಳಗೆ ಒಂದು ಪೋಸ್ಟ್, ಭಾನುವಾರದೊಳಗೆ ಇಬ್ಬರಿಗೆ ಉತ್ತರ. ಭಾನುವಾರ ರಾತ್ರಿ ಹನ್ನೊಂದಕ್ಕೆ ಎಲ್ಲರೂ ಎಲ್ಲರಿಗೂ ‘ಚೆನ್ನಾಗಿ ಬರೆದಿದ್ದೀರಿ’ ಅಂತ ಬರೆಯುತ್ತಾರೆ. ನಾನೂ ಬರೆದೆ, ಸುಮ್ನೆ ಯಾಕೆ ಸುಳ್ಳು.

ಪರೀಕ್ಷೆಗೆ ಕ್ಯಾಮೆರಾ ಹಾಕಿಕೊಂಡು ಕೂರಬೇಕಿತ್ತು. ಊರಿಂದ ಬಂದಿದ್ದ ಅತ್ತೆ ಹಿಂದಿನಿಂದ ಬಂದು ‘ಕಾಫಿ ಆರೋಗುತ್ತೆ, ತಗೊಳ್ಳಮ್ಮ’ ಅಂತ ಲೋಟ ಇಟ್ಟರು. ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ ಅಂತ ಸಾಫ್ಟ್‌ವೇರ್ ಕೆಂಪು ಗುರುತು ಹಾಕಿತು. ಪಾಠದಲ್ಲಿದ್ದದ್ದು ಪಿಯಾಜೆ, ಮಕ್ಕಳ ಯೋಚನೆ ಹೇಗೆ ಬೆಳೆಯುತ್ತೆ ಅಂತ ಅಧ್ಯಯನ ಮಾಡಿದ ಸ್ವಿಸ್ ಮನಶ್ಶಾಸ್ತ್ರಜ್ಞ. ಅತ್ತೆಗೆ ಪಿಯಾಜೆ ಗೊತ್ತಿಲ್ಲ, ನಂಬಿ ಅಂತ ಪ್ರೊಫೆಸರ್‌ಗೆ ಮೇಲ್ ಬರೆದು ಪಾರಾದೆ.

ಆ ಪಿಯಾಜೆಯ ವಿಷಯದಲ್ಲೇ ಆನ್‌ಲೈನ್‌ಗೆ ಪೂರ್ತಿ ಮಾರ್ಕ್ಸ್ ಕೊಡಬೇಕು. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನು ಗಮನಿಸಿ ಬರೆಯಿರಿ ಅಂತ ಕೆಲಸ ಕೊಟ್ಟಿದ್ದರು. ಎರಡು ಅಗಲ ಬಟ್ಟಲಿಗೆ ಸಮ ಸಮ ಹಾಲು ಹಾಕಿ, ಐದು ವರ್ಷದ ಮಗನ ಎದುರೇ ಒಂದನ್ನು ಉದ್ದ ಲೋಟಕ್ಕೆ ಸುರಿದೆ. ಯಾವುದರಲ್ಲಿ ಜಾಸ್ತಿ? ‘ಉದ್ದ ಲೋಟದಲ್ಲಿ’ ಅಂದ, ಒಂದು ಕ್ಷಣವೂ ಯೋಚಿಸದೆ. ವಾಪಸ್ ಬಟ್ಟಲಿಗೆ ಹಾಕಿದೆ. ‘ಈಗ ಸಮ.’ ಮತ್ತೆ ಲೋಟಕ್ಕೆ. ‘ಈಗ ಜಾಸ್ತಿ.’ ಒಂಬತ್ತು ವರ್ಷದ ಮಗಳು ನಕ್ಕು, ‘ಅಮ್ಮ, ಅವನಿಗೆ ದಿನಾ ಉದ್ದ ಲೋಟದಲ್ಲೇ ಕೊಡು’ ಅಂದಳು. ಈ ಪ್ರಯೋಗಕ್ಕೆ ಯಾವ ಕ್ಲಾಸ್‌ರೂಮೂ ಬೇಕಿರಲಿಲ್ಲ.

ನನ್ನನ್ನು ಕೇಳಿದರೆ ಮೊದಲ ಕೋರ್ಸ್ ಕ್ಲಾಸ್‌ರೂಮಿನಲ್ಲೇ ಆಗಲಿ. ಪ್ರಯೋಗಗಳು ನಮ್ಮ ಮೇಲೇ ನಡೆದಾಗ ತಲೆಯಲ್ಲಿ ಉಳಿಯುತ್ತವೆ. ಮಕ್ಕಳಿರುವವರು ಎರಡನೆಯದನ್ನು ಆನ್‌ಲೈನ್ ತಗೊಳ್ಳಿ. ಬೇಸಿಗೆಯ ಆರು ವಾರ, ಬೇರೇನೂ ಕೆಲಸವಿಲ್ಲದ ಹತ್ತೊಂಬತ್ತರ ಹುಡುಗರಿಗೆ ಸರಿ.

ಮುಂದಿನದು ಸ್ಟ್ಯಾಟಿಸ್ಟಿಕ್ಸ್. ಸಂಜೆಯ ಕ್ಲಾಸ್‌ರೂಮೇ ಬೇಕು ಅಂತ ಹಟ ಹಿಡಿದಿದ್ದೇನೆ, ವೇಯ್ಟ್‌ಲಿಸ್ಟ್‌ನಲ್ಲಿ ನಾಲ್ಕನೆಯವಳು. ಮೊದಲ ದಿನ ಹೋಗಿ ಕೂತರೆ ಯಾರಾದರೂ ಬಿಟ್ಟ ಜಾಗ ಸಿಗುತ್ತದಂತೆ. ಅತ್ತೆಗೆ ಈಗಲೇ ಹೇಳಿಟ್ಟಿದ್ದೇನೆ, ಮಂಗಳವಾರ ಗುರುವಾರ ಅನ್ನ-ಸಾರು.