ಸಂಜೆ ಅಂಗಡಿಗೇ ಬರುವ ಪಿಗ್ಮಿ: ಒಬ್ಬ ಗ್ರಾಹಕಿಯ ವಿಮರ್ಶೆ

ಕುಂದಾಪುರದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಇಲ್ಲಿ ಯಾರ ಬಾಯಲ್ಲೂ ‘ದೈನಿಕ ಠೇವಣಿ’ ಎಂಬ ಮಾತು ಬರುವುದಿಲ್ಲ, ಎಲ್ಲರೂ ಕಟ್ಟುವುದು ಪಿಗ್ಮಿಯನ್ನೇ. ಆ ಹೆಸರು ಚಾಲ್ತಿಗೆ ಬಂದದ್ದೂ ನಮ್ಮ ಕರಾವಳಿಯಿಂದ. ಕೈಮಗ್ಗದ ನೇಕಾರರು ಕಂಗೆಟ್ಟಿದ್ದ ಕಾಲದಲ್ಲಿ, 1925ರಲ್ಲಿ, ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಉಡುಪಿಯಲ್ಲಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. 1928ರಲ್ಲಿ ಅದರ ಜನ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸತೊಡಗಿದರು. ಪುಟ್ಟ ಉಳಿತಾಯವಾದ್ದರಿಂದ ಅದು ಪಿಗ್ಮಿಯಾಯಿತು. ಆ ಇಂಗ್ಲಿಷ್ ಪದದ ಬೇರು ಗ್ರೀಕ್ ಭಾಷೆಯಲ್ಲಿದೆ, ಅಲ್ಲಿ ಅದಕ್ಕೆ ಮುಷ್ಟಿ ಎಂದು ಅರ್ಥ. ಅನ್ನಕ್ಕಿಡುವ ಮೊದಲು ಒಂದು ಮುಷ್ಟಿ ಅಕ್ಕಿ ಬೇರೆ ಎತ್ತಿಡುತ್ತಿದ್ದ ಹೆಂಗಸರ ಊರಿಗೆ ಇದು ಎಷ್ಟು ಒಪ್ಪುವ ಹೆಸರು!

ನಾನು ಕಟ್ಟುವುದು ಇಲ್ಲಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ. ಬಡ್ಡಿಯ ಆಸೆಯಿಂದ ಯಾರೂ ಇದಕ್ಕೆ ಸೇರಬಾರದು, ಉಳಿತಾಯ ಖಾತೆಗಿಂತ ಹೆಚ್ಚೇನೂ ಸಿಗುವುದಿಲ್ಲ. ಇಲ್ಲಿ ಬೆಲೆಯಿರುವುದು ಆ ಬರುವಿಕೆಗೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪಿಗ್ಮಿಯವರು ಬಾಗಿಲಲ್ಲಿ ನಿಂತು, “ಅಕ್ಕ, ಇವತ್ತು ಎಷ್ಟು ಬರೆಯಲಿ?” ಎಂದು ಕೇಳುತ್ತಾರೆ. ಬ್ಲೌಸ್ ಹೊಲಿದ ಕೂಲಿ ಇನ್ನೂ ಗಲ್ಲಾಪೆಟ್ಟಿಗೆಯಲ್ಲೇ ಇರುತ್ತದೆ. ಮಳೆಗಾಲದಲ್ಲಿ ಗಿರಾಕಿಯೇ ಇಲ್ಲದ ದಿನ ಇಪ್ಪತ್ತು ರೂಪಾಯಿ ಕೊಟ್ಟರೂ ಅವರ ಮುಖ ಬಾಡುವುದಿಲ್ಲ. ನನ್ನ ಓವರ್‌ಲಾಕ್ ಯಂತ್ರ ಬಂದದ್ದು ಈ ಹಣದಿಂದ. ಬ್ಯಾಂಕುಗಳಿಗೆ ಹೀಗೆ ಪಿಗ್ಮಿ ಸಂಗ್ರಹಿಸುವವರು ಕಮಿಷನ್‌ಗೆ ದುಡಿದರೂ ಕಾನೂನಿನ ಕಣ್ಣಲ್ಲಿ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದ್ದು ನನಗೆ ಬಹಳ ಸಮಾಧಾನದ ಸಂಗತಿ.

ತಕರಾರೂ ಇವೆ. ಮೊದಲು ರಟ್ಟಿನ ಕಾರ್ಡಿನಲ್ಲಿ ಆ ದಿನದ ಚೌಕದಲ್ಲಿ ಮೊತ್ತ ಬರೆದು ಸಹಿ ಹಾಕುತ್ತಿದ್ದರು. ಈಗ ಕೈಯಂತ್ರದಿಂದ ಬೆರಳಗಲದ ಚೀಟಿ ಬರುತ್ತದೆ. ಸೆಕೆಗೆ ಅದರ ಅಕ್ಷರ ಮಾಸಿ, ಕೆಲವು ತಿಂಗಳಲ್ಲಿ ಬರೀ ಬಿಳಿ ಕಾಗದ ಉಳಿಯುತ್ತದೆ. ಹಾಗಾಗಿ ಅಳತೆ ಪುಸ್ತಕದ ಹಿಂಬದಿಯಲ್ಲಿ ನಾನೇ ಲೆಕ್ಕ ಬರೆದಿಡುತ್ತೇನೆ. ಅವಧಿಗೆ ಮೊದಲು ಖಾತೆ ಮುಚ್ಚಿದರೆ ಬಡ್ಡಿ ಇಲ್ಲದಿರುವುದು ಸರಿ, ಆದರೆ ಅಸಲಿನಲ್ಲೂ ಮುರಿದುಕೊಳ್ಳುತ್ತಾರೆ. ಆಸ್ಪತ್ರೆ ಖರ್ಚಿಗೆಂದು ಹಣ ತೆಗೆಯುವವರಿಗೆ ಇದು ಅನ್ಯಾಯ.

ಸೇರುವ ಮೊದಲು ಒಂದನ್ನು ಕೇಳಿ ತಿಳಿದುಕೊಳ್ಳಿ: ಅದು ಬ್ಯಾಂಕೋ, ಸಂಘವೋ? ಬ್ಯಾಂಕಾದರೆ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆ ಇಲ್ಲ. ಅದಕ್ಕೇ ನಾನು ಅಲ್ಲಿ ದೊಡ್ಡ ಮೊತ್ತ ಬೆಳೆಯಲು ಬಿಡುವುದಿಲ್ಲ, ಅವಧಿ ಮುಗಿದ ಕೂಡಲೇ ಬ್ಯಾಂಕಿನ ನಿಶ್ಚಿತ ಠೇವಣಿಗೆ ಹಾಕುತ್ತೇನೆ. ದಿನವೂ ಕೈಗೆ ಚಿಲ್ಲರೆ ಬರುವ ಅಂಗಡಿಯವರು, ಮೀನು ಮಾರುವವರು, ಆಟೋದವರು ಧಾರಾಳವಾಗಿ ಸೇರಬಹುದು. ತಿಂಗಳ ಸಂಬಳದವರಿಗೆ ತಿಂಗಳಿಗೊಮ್ಮೆ ಕಟ್ಟುವ ಆರ್‌.ಡಿ.ಯೇ (ಆವರ್ತ ಠೇವಣಿ) ಮೇಲು.