ಛಾವಣಿ ಸರಿಯುವ ಎರಡು ಬೇಸ್‌ಬಾಲ್ ಸ್ಟೇಡಿಯಂ: ಸಿಯಾಟಲ್ಲೋ, ಆರ್ಲಿಂಗ್ಟನ್ನೋ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ಒಂದು ಬೇಸ್‌ಬಾಲ್ ಪಂದ್ಯ ನೋಡುವ ಆಸೆಯಿದ್ದರೆ, ಈ ಎರಡರ ಛಾವಣಿಗೂ ಇರುವ ವ್ಯತ್ಯಾಸ ತಿಳಿದಿರಲಿ.

ಸಿಯಾಟಲ್‌ನ ಟಿ-ಮೊಬೈಲ್ ಪಾರ್ಕ್ 1999ರದು. ಅದರ ಛಾವಣಿ ಮಳೆಗೆ ಹಿಡಿದ ಕೊಡೆ ಅಷ್ಟೇ. ಮುಚ್ಚಿದರೂ ಪಕ್ಕಗಳು ತೆರೆದೇ ಇರುತ್ತವೆ, ಗಾಳಿ ಆಡುತ್ತದೆ. ಮೂರು ದೈತ್ಯ ಭಾಗಗಳು ಹಳಿಯ ಮೇಲೆ ಚಕ್ರದಲ್ಲಿ ಉರುಳುತ್ತವೆ. ತೆರೆದಾಗ ಅವು ಹೋಗಿ ನಿಲ್ಲುವುದು ಪಕ್ಕದ ರೈಲು ಹಳಿಗಳ ಮೇಲ್ಗಡೆ! ಆಟದ ಮಧ್ಯೆ ರೈಲಿನ ಕೂಗು ಕೇಳುತ್ತದೆ. ಮೈದಾನದಲ್ಲಿ ನಿಜವಾದ ಹುಲ್ಲು. ಸಂಜೆ ಚಳಿ ಜಾಸ್ತಿ, ಸ್ವೆಟರ್ ಮರೆಯಬೇಡಿ.

ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿರುವ ಗ್ಲೋಬ್ ಲೈಫ್ ಫೀಲ್ಡ್ 2020ರದು. ಅಲ್ಲಿ ಶತ್ರು ಮಳೆಗಿಂತ ಬಿಸಿಲು. ಛಾವಣಿ ಮುಚ್ಚಿ ಎಸಿ ಹಾಕುತ್ತಾರೆ. ಬೆಳಕು ಒಳಗೆ ಬರಲು ಛಾವಣಿಯಲ್ಲಿ ಪಾರದರ್ಶಕ ಹಾಳೆಗಳಿವೆ. ಹುಲ್ಲು ಮಾತ್ರ ಕೃತಕ. ಸುಮಾರು 40,300 ಸೀಟು.

ವಯಸ್ಸಾದವರು, ಪುಟ್ಟ ಮಕ್ಕಳು ಜೊತೆಗಿದ್ದು, ಜುಲೈ-ಆಗಸ್ಟ್‌ನಲ್ಲಿ ಡಲ್ಲಾಸ್ ಕಡೆ ಇದ್ದರೆ ಆರ್ಲಿಂಗ್ಟನ್ ಆರಾಮ. ಆದರೆ ಕಾರು ಬೇಕೇ ಬೇಕು. ಸಿಯಾಟಲ್‌ನಲ್ಲಿ ಲೈಟ್ ರೈಲ್ (ನಮ್ಮ ಮೆಟ್ರೋ ತರಹದ ನಗರ ರೈಲು) ಇಳಿದು ನಡೆದೇ ಹೋಗಬಹುದು. ಆಯ್ಕೆ ನನ್ನದಾದರೆ ಸಿಯಾಟಲ್ಲೇ. ಬಯಲಾಟವನ್ನು ಬಯಲ ಗಾಳಿಯಲ್ಲೇ ನೋಡಬೇಕು, ಅಲ್ವಾ?