ಕ್ರಾಲರ್ ಟ್ರ್ಯಾಕಿಗೆ ಯಾವುದು ವಾಸಿ: ಬಿಡಿಗಲ್ಲೋ, ಸಿಮೆಂಟೋ, ಥರ್ಮೊಕೋಲೋ?

ಕ್ರಾಲರ್ ಅಂದರೆ ಕಲ್ಲು-ಗುಡ್ಡ ನಿಧಾನವಾಗಿ ಹತ್ತುವ ಪುಟ್ಟ ರಿಮೋಟ್ ಗಾಡಿ. ಮೊದಲೇ ಹೇಳಿಬಿಡುತ್ತೇನೆ, ಅದರ ಟ್ರ್ಯಾಕಿಗೆ ನನ್ನ ಓಟು ಬಿಡಿಗಲ್ಲಿಗೆ. ಕರಾವಳಿಯ ನಮ್ಮ ಹಿತ್ತಿಲಲ್ಲಿ ಬಿಡಿಗಲ್ಲಿನದ್ದೂ ಇದೆ, ಸಿಮೆಂಟಿನದ್ದೂ ಇದೆ. ಮನೆಯೊಳಗೆ ಥರ್ಮೊಕೋಲಿನ ಒಂದು ಗುಡ್ಡ. ಗಾಡಿಗಳು ಎರಡು: 1:10 ಅಳತೆಯ (ನಿಜ ಗಾಡಿಯ ಹತ್ತನೇ ಒಂದರಷ್ಟು) ಟ್ರಾಕ್ಸಸ್ ಟಿಆರ್‌ಎಕ್ಸ್-4, 1:24ರ ಪುಟ್ಟ ಆಕ್ಸಿಯಲ್ ಎಸ್‌ಸಿಎಕ್ಸ್24.

ಸಿಮೆಂಟ್ ಟ್ರ್ಯಾಕ್ ನೋಡೋಕೆ ಚಂದ. ಕೆಳಗೆ ಕಲ್ಲು-ಇಟ್ಟಿಗೆ ಚೂರು ತುಂಬಿ, ಕೋಳಿಗೂಡಿನ ಜಾಲರಿ ಹೊದಿಸಿ, ಮೇಲೆ ಒಂದಕ್ಕೆ ಮೂರು ಮರಳಿನ ಗಾರೆ ಬಳಿದರೆ ಬೇಕಾದ ಆಕಾರ ಬರುತ್ತದೆ. ಹಸಿ ಇರುವಾಗಲೇ ದಪ್ಪ ಮರಳು ಎರಚಬೇಕು, ಇಲ್ಲದಿದ್ದರೆ ಟೈರಿಗೆ ಹಿಡಿತ ಸಿಗುವುದಿಲ್ಲ. ವಾರವಾದರೂ ನೀರುಣಿಸಬೇಕು. ಮಳೆಗೆ ಕರಗುವುದಿಲ್ಲ, ಕಲ್ಲು ಜಾರುವ ಗೋಜಿಲ್ಲ. ಆದರೆ ಒಮ್ಮೆ ಗಟ್ಟಿಯಾದರೆ ಮುಗಿಯಿತು. ಎಲ್ಲಿ ಎಡಕ್ಕೆ ತಿರುಗಿಸಬೇಕು, ಎಲ್ಲಿ ಥ್ರಾಟಲ್ ಬಿಡಬೇಕು ಅಂತ ಕೈಗೆ ಬಾಯಿಪಾಠವಾಗಿಬಿಡುತ್ತದೆ. ಆಮೇಲೆ ಆ ಕಡೆ ಹೋಗಲು ಮನಸ್ಸೇ ಬರುವುದಿಲ್ಲ.

ಬಿಡಿಗಲ್ಲಿನ ಖುಷಿ ಇರುವುದೇ ಅಲ್ಲಿ. ಒಂದು ಕಲ್ಲನ್ನು ಸುಮ್ನೆ ಕಾಲು ಸುತ್ತು ತಿರುಗಿಸಿ ನೋಡಿ, ನಿನ್ನೆ ಸಲೀಸಾಗಿ ಹತ್ತಿದ ಗಾಡಿ ಇವತ್ತು ಪಲ್ಟಿ ಹೊಡೆಯುತ್ತದೆ. ನಮ್ಮಲ್ಲಿ ಮುರಕಲ್ಲಿಗೇನು (ಕೆಂಪು ಜಂಬಿಟ್ಟಿಗೆ ಕಲ್ಲು) ಬರವಿಲ್ಲ, ಮನೆ ಕಟ್ಟುವ ಜಾಗದಲ್ಲಿ ಒಡೆದ ಚೂರು ಬಿದ್ದಿರುತ್ತವೆ. ಮೈಯೆಲ್ಲ ಜೇನುಗೂಡಿನ ಹಾಗೆ ತೂತು. ನೆಲಕ್ಕೆ ಕೂತು, ಗಾಡಿಯ ಮಟ್ಟಕ್ಕೆ ಕಣ್ಣಿಟ್ಟು ನೋಡಬೇಕು. ಮುಂದಿನ ಟೈರಿನ ಒಂದು ರಬ್ಬರ್ ಉಬ್ಬು ತೂತಿನ ಅಂಚನ್ನು ಕಚ್ಚುತ್ತದೆ, ಟೈರಿನ ಪಕ್ಕೆ ಮಡಚುತ್ತದೆ, ಮೂತಿ ಮೇಲೇಳುತ್ತದೆ, ಹಿಂದಿನ ಒಂದು ಚಕ್ರ ನೆಲ ಬಿಟ್ಟು ಗಾಳಿಗೇಳುತ್ತದೆ. ಆ ಕ್ಷಣದಲ್ಲಿ ಥ್ರಾಟಲ್ ಕೂದಲೆಳೆಯಷ್ಟು ಜಾಸ್ತಿಯಾದರೂ ಹಿಡಿತ ತಪ್ಪುತ್ತದೆ. ಕಗ್ಗಲ್ಲು ಒಣಗಿದ್ದಾಗ ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಚೂಪು ಅಂಚಿಗೆ ಚಾಸಿಯ ಅಡಿ ಗೀರು ಬೀಳುತ್ತದೆ. ಹೊಳೆಯ ಉರುಟು ಕಲ್ಲು ಒದ್ದೆಯಾದರೆ ಜಾರುಬಂಡಿಯೇ. ಒಂದೆರಡು ಸಾಕು.

ಕಲ್ಲು ಸುರಿದರೆ ಟ್ರ್ಯಾಕ್ ಆಗುವುದಿಲ್ಲ, ಅಲ್ವಾ? ಅಳತೆ ಬೇಕು. 1:10 ಗಾಡಿಯ ಟೈರು ಸುಮಾರು ನಾಲ್ಕೂವರೆ ಇಂಚು ಎತ್ತರ. ಅದರ ಅರ್ಧದಷ್ಟು ಕಲ್ಲು ಯಾರಿಗೂ ಸುಲಭ, ಟೈರಿನಷ್ಟೇ ಎತ್ತರದ್ದು ನಿಜವಾದ ಪರೀಕ್ಷೆ. ಅದಕ್ಕಿಂತ ಮುಖ್ಯ ಕಲ್ಲುಗಳ ನಡುವಿನ ಅಂತರ. ಟಿಆರ್‌ಎಕ್ಸ್-4ರ ಮುಂದಿನ ಆಕ್ಸಲಿನಿಂದ ಹಿಂದಿನದಕ್ಕೆ ಸುಮಾರು 32 ಸೆಂ.ಮೀ. ಕಲ್ಲುಗಳನ್ನೂ ಅಷ್ಟೇ ದೂರ ಇಟ್ಟರೆ ಮುಂದಿನ, ಹಿಂದಿನ ಚಕ್ರಗಳು ಒಟ್ಟಿಗೆ ಹತ್ತಬೇಕಾಗುತ್ತದೆ. ಗಾಡಿ ತಿಣುಕುವುದು ಇಲ್ಲೇ. ದೂರ ದೂರ ಇಟ್ಟರೆ ಒಂದೊಂದೇ ಉಬ್ಬು ದಾಟಿದಂತೆ, ಅಷ್ಟೇ. ಪ್ರತಿ ಕಲ್ಲಿನ ಮೂರನೇ ಒಂದು ಭಾಗ ಮಣ್ಣಲ್ಲಿ ಹೂತು ಸುತ್ತ ಒತ್ತಿ. ಒಂದನ್ನು ಮಾತ್ರ ಬೇಕಂತಲೇ ಅಲುಗಾಡಲು ಬಿಡಿ.

ಕಲ್ಲಿನ ನಡುವೆ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಸಂಕ, ಅಂದರೆ ಕಾಲುಸೇತುವೆ, ಹಾಕಿದ್ದೇನೆ. ನುಣುಪು ಮೈ ಕೆಳಗೆ, ನಾರಿನ ಮೈ ಮೇಲೆ, ಅಡ್ಡಕ್ಕೆ ತೆಂಗಿನ ಹಗ್ಗ. ಮಲೆನಾಡಿನ ಹಳ್ಳದ ಮೇಲೆ ಕಾಣುವಂಥದ್ದೇ, ಚಿಕ್ಕದು. ಮಕ್ಕಳು ಮೊದಲು ಓಡುವುದೇ ಅಲ್ಲಿಗೆ.

ಥರ್ಮೊಕೋಲ್ ವಿಷಯ ಬೇಗ ಮುಗಿಯುತ್ತದೆ. ಮೂರು ಕಿಲೋ ದಾಟುವ ದೊಡ್ಡ ಗಾಡಿಗೆ ಅದು ತಡೆಯುವುದಿಲ್ಲ, ಟೈರು ಕೆರೆದು ಬಿಳಿ ಕಾಳು ಉದುರಿಸುತ್ತದೆ. ಹೊರಗಂತೂ ಇಡಲೇಬೇಡಿ, ಆ ಕಾಳು ಮಣ್ಣು ಸೇರಿದರೆ ಹೆಕ್ಕಲಾಗದು. ಆದರೆ ಫ್ಲಾಟಿನಲ್ಲಿರುವವರಿಗೆ, ಎಸ್‌ಸಿಎಕ್ಸ್24ರಂಥ ಪುಟ್ಟ ಗಾಡಿಗೆ, ಇದಕ್ಕಿಂತ ಒಳ್ಳೆಯದಿಲ್ಲ. ಚಾಕುವಿನಲ್ಲೇ ಕೊರೆಯಬಹುದು, ಮಂಚದ ಕೆಳಗೆ ತಳ್ಳಬಹುದು. ಸ್ಪ್ರೇ ಪೇಂಟ್ ಬೇಡ, ಅದರಲ್ಲಿನ ದ್ರಾವಕ ಥರ್ಮೊಕೋಲನ್ನು ಕರಗಿಸುತ್ತದೆ. ಫೆವಿಕಾಲ್ ಬಳಿದು ಮರಳು ಉದುರಿಸಿ, ಒಣಗಿದ ಮೇಲೆ ನೀರಿನ ಬಣ್ಣ ಹಚ್ಚಿ.

ಬಿಡಿಗಲ್ಲಿಗೂ ಒಂದು ಕಾಟ ಇದೆ. ಜೂನ್ ಕಳೆಯುವಷ್ಟರಲ್ಲಿ ಮುರಕಲ್ಲಿಗೆ ಪಾಚಿ ಹತ್ತಿ ಹಿಡಿತವೆಲ್ಲ ಹೋಗುತ್ತದೆ. ಮಳೆ ಬಿಟ್ಟಾಗ ತಂತಿ ಬ್ರಷ್ಷಿನಿಂದ ಉಜ್ಜಬೇಕು, ಕೆಳಗೆ ಕೈ ಹಾಕುವ ಮೊದಲು ಕೋಲಿನಿಂದ ಕಲ್ಲು ಹೊರಳಿಸಿ ನೋಡಬೇಕು, ಚೇಳು-ಹಾವು ಇರುತ್ತವೆ. ಅತಿ ಎತ್ತರದ ಕಲ್ಲನ್ನು ಟ್ರ್ಯಾಕಿನ ಅಂಚಿಗೇ ಇಡಿ. ಗಾಡಿ ಮಗುಚಿದಾಗ ಉಳಿದ ಕಲ್ಲು ತುಳಿಯದೆ ಕೈಗೆ ಸಿಗುತ್ತದೆ.